ಎಮ್ಮೆ ಮಡುವಿನಿಂದ ಬಸದಿ ಒರತೆಯವರೆಗೆ

ಅನಗೋಳದ ಜೈನರ ಓಣಿಯ ಬೆನ್ನಿಗೆ ಒಂದು ಹಳ್ಳ. ಶ್ರಾವಣದಲ್ಲಿ ನೋಡಿದವರು ಅದನ್ನು ಹಳ್ಳವೆಂದು ಒಪ್ಪುತ್ತಾರೆ, ವೈಶಾಖದಲ್ಲಿ ನೋಡಿದವರು ಉಸುಕಿನ ದಾರಿಯೆಂದು ಬಂಡಿ ಹೊಡೆದುಕೊಂಡು ಹೋಗುತ್ತಾರೆ. ಓಣಿ ದಾಟಿದ ಮೇಲೆ ಅದು ಭತ್ತದ ಗದ್ದೆಗಳ ನಡುವೆ ನುಸುಳಿ, ರೈಲು ಹಳಿಯ ಕೆಳಗೆ ಹಾಯ್ದು, ದೊಡ್ಡ ನಾಲೆಯನ್ನು ಕೂಡಿಕೊಂಡು ಸಾಂಬ್ರಾದ ಕಡೆಗೆ ಹೊರಟುಹೋಗುತ್ತದೆ. ಆದರೆ ಅಷ್ಟು ದೂರದ ಸುದ್ದಿ ಓಣಿಯವರಿಗೆ ಬೇಕಿರಲಿಲ್ಲ. ಅವರಿಗೆ ಬೇಕಾದದ್ದು ಒಂದೇ: ಹಳ್ಳದ ತಿರುವಿನಲ್ಲಿ ಸೊಂಟದಾಳ ತೋಡಿ, ಸುತ್ತ ಕಲ್ಲಿಟ್ಟ ಒರತೆ. ಬಸದಿಯ ಅಭಿಷೇಕಕ್ಕೆ ಅಲ್ಲಿಯ ನೀರೇ ಹೋಗುತ್ತಿದ್ದುದರಿಂದ ಅದಕ್ಕೆ ಬಸದಿ ಒರತೆ ಎಂದೇ ಹೆಸರು. ಎಂಥ ಬೇಸಿಗೆಯಲ್ಲೂ ಅದು ಬತ್ತಿದ್ದಿಲ್ಲ.

ಹೀರಾಬಾಯಿ ಈ ಓಣಿಗೆ ಸೊಸೆಯಾಗಿ ಬಂದು ನಲವತ್ತೊಂದು ವರ್ಷ. ಗಂಡ ತೀರಿಕೊಂಡು ಒಂಬತ್ತು. ನೀರು ಸೋಸುವುದರಲ್ಲಿ ಅವಳಷ್ಟು ನಿಧಾನಸ್ಥೆ ಓಣಿಯಲ್ಲಿ ಇನ್ನೊಬ್ಬಳಿರಲಿಲ್ಲ. ದಪ್ಪನೆಯ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಸಬೇಕು. ನೀರು ತಾನಾಗಿ ಇಳಿಯುವ ತನಕ ಕಾಯಬೇಕು, ಹಿಂಡಬಾರದು. ಕಡೆಗೆ ಬಟ್ಟೆಯ ಮೇಲೆ ಉಳಿದ, ಕಣ್ಣಿಗೆ ಕಾಣುವ ಮತ್ತು ಕಾಣದ ಹುಳಹುಪ್ಪಡಿಯನ್ನು ಸೋಸಿದ ನೀರಿನಿಂದಲೇ ತೊಳೆದು, ಎಲ್ಲಿಂದ ತಂದದ್ದೋ ಅಲ್ಲಿಗೇ ಮೆಲ್ಲಗೆ ಬಿಡಬೇಕು. ಬೇರೆ ನೀರಿಗೆ ಬಿಟ್ಟರೆ ಆ ಜೀವ ಉಳಿಯುವುದಿಲ್ಲ ಎಂಬುದು ಹಿರಿಯರ ಮಾತು. "ಹೀರಕ್ಕನ ಸರದಿ ಬಂತಂದ್ರ ನಾವು ಮನಿಗೆ ಹೋಗಿ ನಾಕು ರೊಟ್ಟಿ ಬಡದು ಬರಬಹುದು" ಎಂದು ಕಿರಿಯ ಸೊಸೆಯಂದಿರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಬೇಗ ಮಾತ್ರ ಮಾಡುತ್ತಿರಲಿಲ್ಲ.

ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ದೊಡ್ಡ ಸಭೆ ನೆರೆದು ಹೋದ ಮೇಲೆ ಅದು ಎರಡನೆಯ ಬೇಸಿಗೆ. ಊರು ಅನಗೋಳದ ಕಡೆಗೆ ಬೆಳೆಯತೊಡಗಿತ್ತು. ಓಣಿಯಿಂದ ಪಡುವಣಕ್ಕೆ ಗದ್ದೆಗಳಲ್ಲಿ ಕಲ್ಲು ನೆಟ್ಟು ನೂರು ಮನೆಗಳ ಹೊಸ ವಸಾಹತಿಗೆ ಗುರುತು ಹಾಕಿದ್ದರು. ಆ ಕೆಲಸದ ಓವರ್ಸಿಯರನಾಗಿ ಬಂದವನು ಖಾನಾಪುರದ ಪದ್ಮಾಕರ. ಅವನ ತಾಯಿ ಮತ್ತು ಹೀರಾಬಾಯಿ ಒಂದೇ ಅಂಗಳದಲ್ಲಿ ಆಡಿ ಬೆಳೆದವರಾದ್ದರಿಂದ ಅವನಿಗೆ ಇವಳು ಮಾವಶಿ, ಚಿಕ್ಕಮ್ಮನ ಸಮಾನ. ಕೆಲಸಕ್ಕೆ ಬಂದ ದಿನ ಮಧ್ಯಾಹ್ನದ ಊಟ ಇವಳ ಮನೆಯಲ್ಲೇ.

ಒಂದು ದಿನ ಊಟಕ್ಕೆ ಕೂಡುವ ಮೊದಲು ಅವನು ಪಡಸಾಲೆಯಲ್ಲಿ ನಕಾಶೆ ಹರವಿದ. "ನೋಡ್ರಿ ಮಾವಶಿ, ಇದು ನಿಮ್ಮ ಊರು."

ನಕಾಶೆಯಲ್ಲಿ ಮೂರು ನೀಲಿ ಚುಕ್ಕೆಗಳಿದ್ದವು. ಮೇಲಿನದು ಮುರಕಲ್ಲಿನ ದಿಬ್ಬದಡಿಯ ಅತ್ತಿಮರದ ಬುಗ್ಗೆ. ಅದರ ಕೆಳಗಿನದು ಮೇಲಿನ ಕೇರಿಯ ಗುರುಪುತ್ರಪ್ಪನ ಹೊಲದ ಬದಿಯ ಎಮ್ಮೆ ಮಡು. ಆ ಕೇರಿಯ ಎಮ್ಮೆಗಳೆಲ್ಲ ಅಲ್ಲೇ ಮೈ ನೆನೆಸುವುದು. ಕಡೆಯದು ಬಸದಿ ಒರತೆ. ಚುಕ್ಕೆಯಿಂದ ಚುಕ್ಕೆಗೆ ನೀಲಿ ಗೆರೆ ಇರಲಿಲ್ಲ. ಮಡುವಿಗೂ ಒರತೆಗೂ ನಡುವೆ ಎರಡು ಕರಿ ಗೆರೆ ಮಾತ್ರ.

"ಈ ಕರೇ ಗೆರಿ ಏನೋ ಪದ್ಮಾ?"

"ಒಣ ಕಾಲವಿ. ಮಳಿ ಬಂದಾಗ ಅಷ್ಟ ಹರೀತೈತಿ. ವಸಾಹತಿನ ಗಟಾರ ಇದಕ್ಕ ಜೋಡಸ್ತಾರ, ಮಳಿಗಾಲ ಹಿಡಿಯೂದ್ರಾಗ."

ತಾಟಿಗೆ ರೊಟ್ಟಿ ಹಾಕುತ್ತಿದ್ದ ಹೀರಾಬಾಯಿಯ ಕೈ ನಿಂತಿತು. "ನೂರು ಮನಿ ಹೊಲಸ, ನಮ್ಮ ಒರತಿ ಮ್ಯಾಲೆ?"

"ಮ್ಯಾಲ ಅಂದ್ರ ಎರಡು ಫರ್ಲಾಂಗ ದೂರ. ನಿಮಗೇನ ಬಾಧಿ ಇಲ್ಲ ಬಿಡ್ರಿ. ನಿಮ್ಮ ಒರತಿದು ಪಾತಾಳದ ನೀರಂತ, ಕೆಳಗಿಂದ ಏಳತೈತಂತ. ಮ್ಯಾಲಿನ ಉಸುಕಿಗೂ ಅದಕ್ಕೂ ಸಂಬಂಧಽ ಇಲ್ಲಂತ."

"ಯಾರ ಹೇಳಿದ್ರು?"

"ನಿಮ್ಮ ಭೀಮಗೊಂಡ ಪಾಟೀಲರು." ಅವನು ಚೀಲದಿಂದ ಇನ್ನೊಂದು ಕಾಗದ ತೆಗೆದು ಓದಿದ. ಅದು ಓಣಿಯ ಹಿರಿಯನ ಜಬಾನಿ, ಬರೆಸಿಕೊಂಡ ಹೇಳಿಕೆ: ಎಮ್ಮೆ ಮಡುವಿನ ನೀರು ನಮ್ಮ ಒರತೆಗೆ ಒಂದು ಹನಿಯೂ ಬರುವುದಿಲ್ಲ, ಹಿಂದೆಯೂ ಬಂದಿಲ್ಲ. ಕೆಳಗೆ ದೊಡ್ಡ ಸಹಿ.

ಭೀಮಗೊಂಡನಿಗೆ ಮೋಸ ಮಾಡುವ ಮನಸ್ಸಿರಲಿಲ್ಲ ಎಂಬುದು ಹೀರಾಬಾಯಿಗೆ ಗೊತ್ತು. ಮಡುವಿನ ನೀರು ನಿಮ್ಮಲ್ಲಿಗೆ ಬರುತ್ತದೆಯೇ ಎಂದು ಕೇಳಿದರೆ, ಅಭಿಷೇಕದ ನೀರಿಗೆ ಎಮ್ಮೆ ಮಿಂದ ಹೆಸರು ಅಂಟದಿರಲಿ ಎಂದು ಇಲ್ಲವೆಂದಿದ್ದಾನೆ. ಒರತೆಯ ಮಾನ ಕಾಯಲು ಹೋಗಿ ಒರತೆಯನ್ನೇ ಗಟಾರಕ್ಕೆ ಕೊಟ್ಟು ಕೂತಿದ್ದಾನೆ.

"ಹರೀತೈತಿ ಅಂತ ಬರದಿದ್ರ?" ಎಂದು ಕೇಳಿದಳು.

"ಹರಿಯೂ ನೀರಿಗೆ ಗಟಾರ ಬಿಡಬಾರದಂತ ಕಟ್ಟಳಿ ಐತಿ. ಆವಾಗ ತೆಂಕಲ ತಗ್ಗಿಗೆ ತಿರುಗಸಬೇಕಾಗತಿತ್ತು. ನಂದೇನ ತಪ್ಪ ಹೇಳ್ರಿ. ನಮ್ಮ ಖಾನಾಪುರದಾಗ ಹೊಳಿ ಒಂದು, ಹೆಸರೂ ಒಂದು, ಮಲಪ್ರಭಾ. ಇಲ್ಲಿ ಕೇರಿಗೊಂದು ಹೆಸರು ಇಟ್ಟೀರಿ. ಮೂರು ಹೆಸರು ಕೇಳಿ ಮೂರು ನೀರು ಅಂತ ಬರಕೊಂಡೆ."

ಅವನ ಊಟ ಮುಗಿಯುವವರೆಗೆ ಹೀರಾಬಾಯಿ ಬಡಿಸುತ್ತಲೇ ಇದ್ದಳು. ಅವಳ ಮನಸ್ಸು ಇಪ್ಪತ್ತೆರಡು ವರ್ಷ ಹಿಂದಕ್ಕೆ ಹೋಗಿತ್ತು.

ಆ ವರ್ಷ ಗುರುಪುತ್ರಪ್ಪನ ತಂದೆ ಎಮ್ಮೆ ಮಡುವಿನ ನೀರೆತ್ತಿ ಹೂಳು ತೆಗೆಸಿದ್ದ. ನಾಲ್ಕನೆಯ ದಿನಕ್ಕೆ ಬಸದಿ ಒರತೆ ಎರಡು ಗೇಣು ಇಳಿಯಿತು. ಮಡು ತುಂಬಿದ ನಾಲ್ಕನೆಯ ದಿನಕ್ಕೆ ಮತ್ತೆ ಎರಡು ಗೇಣು ಏರಿತು. ಉಳಿದವರು ಬಿಸಿಲಿಗೆ ಇಳಿದದ್ದು, ದೇವರ ದಯೆಯಿಂದ ಏರಿದ್ದು ಎಂದುಕೊಂಡರು. ಒರತೆಯ ಕಲ್ಲಿನ ಮೇಲೆ ದಿನವೂ ಅಷ್ಟು ಹೊತ್ತು ಕೂತಿರುತ್ತಿದ್ದ ಹೀರಾಬಾಯಿಗೆ ಮಾತ್ರ ಲೆಕ್ಕ ತಿಳಿಯಿತು. ಗಂಡನಿಗೆ ಹೇಳಿದಾಗ ಅವನು, "ಇದನ್ನ ಇಲ್ಲೇ ನುಂಗು" ಎಂದಿದ್ದ. ನುಂಗಿದಳು. ಆ ನೀರನ್ನೇ ಸೋಸಿದಳು, ಕುಡಿದಳು, ಬಸದಿಗೂ ಕೊಟ್ಟಳು. ಈಗ ಬಾಯಿಬಿಟ್ಟರೆ, ಗೊತ್ತಿದ್ದೂ ಇಷ್ಟು ವರ್ಷ ನಮಗೆ ಎಮ್ಮೆ ಮಡುವಿನ ನೀರು ಕುಡಿಸಿದಳು ಎಂದು ಓಣಿಯೆಲ್ಲ ಮುಖ ತಿರುಗಿಸುತ್ತದೆ. ಬಿಡದಿದ್ದರೆ ಶ್ರಾವಣದ ಹೊತ್ತಿಗೆ ಒರತೆಯೇ ಇರುವುದಿಲ್ಲ.

ಪದ್ಮಾಕರ ಕೈ ತೊಳೆದು ಎದ್ದಾಗ ಅವಳು ಹೇಳಿದಳು. "ನಾಳಿ ಹೊತ್ತೇರೂದ್ರಾಗ ಬಾ. ಪಾಟೀಲ ಗೌಡ್ರನ್ನೂ ಕರಕೊಂಡು ಬಾ. ಹಳ್ಳ ತೋರಸ್ತೀನಿ."

"ಹಸಿ ಉಸುಕ ತೋರಿಸಿದ್ರ ನಮ್ಮ ಸಾಹೇಬ ಒಪ್ಪೂದಿಲ್ಲ ಮಾವಶಿ. ಈ ಜಬಾನಿ ಬದಲಾಗಬೇಕು, ಅದೂ ಅವರ ಕೈಯಿಂದನಽ. ನಾಡದ ಸಂಜಿಕ ನಕಾಶಿ ಕಳಸೂದೈತಿ."

"ಅದಕ್ಕಽ ಗೌಡ್ರನ್ನ ಕರಕೊಂಡು ಬಾ ಅಂದೆ."

ಮರುದಿನ ಬೆಳಿಗ್ಗೆ ಮೂವರೂ ಒರತೆಯಿಂದ ಮೇಲಕ್ಕೆ ಹೊರಟರು. ಭೀಮಗೊಂಡ ಪಾಟೀಲ ಅರವತ್ತು ದಾಟಿದ ಗಟ್ಟಿ ಆಳು. ರುಮಾಲು, ಬೆತ್ತ, ಕಾಲಲ್ಲಿ ಕಿರಿಕಿರಿ ಎನ್ನುವ ಮೆಟ್ಟು. ಹೀರಾಬಾಯಿಯ ಕೈಯಲ್ಲಿ ಒಂದು ಕುಡುಗೋಲು, ಒಂದು ತೆಂಗಿನ ಚಿಪ್ಪು. ಹೆಗಲ ಮೇಲೆ ಸೋಸುವ ಬಟ್ಟೆ, ಕಂಕುಳಲ್ಲಿ ಸಣ್ಣ ಬಿಂದಿಗೆ.

"ಹೀರಕ್ಕಾ, ಯಾವ ಊರಿಗೆ ಹೊಂಟೀವಿ ನಾವು? ಬುತ್ತಿ ಕಟ್ಟಬೇಕಿತ್ತೇನು?" ಎಂದ ಭೀಮಗೊಂಡ.

"ಮೂರು ಫರ್ಲಾಂಗಿಗೆ ಬುತ್ತಿ ಬೇಕಾಗೂ ವಯಸ್ಸು ಆತೇನ್ರಿ ಗೌಡ್ರ?"

ಪದ್ಮಾಕರ ನಗು ಅಡಗಿಸಲು ನಕಾಶೆಯ ಸುರುಳಿಯನ್ನು ನೋಡಿಕೊಂಡ.

ಹಳ್ಳದ ಪಾತ್ರ ಅಲ್ಲಿ ಹತ್ತು ಮೊಳ ಅಗಲ, ಎರಡೂ ದಂಡೆ ಎದೆಯೆತ್ತರ. ಉಸುಕು ಬೆಳ್ಳಗೆ ಒಣಗಿತ್ತು. ಹೀರಾಬಾಯಿ ನಡುವೆ ನಡೆಯಲಿಲ್ಲ. ಎಡದಂಡೆಯಲ್ಲಿ ಲಕ್ಕಿಗಿಡಗಳು ಹಸಿರಾಗಿದ್ದಷ್ಟು ದೂರ ಎಡಕ್ಕೆ ಹೋದಳು. ಒಂದು ಕಡೆ ಹಸಿರು ಬಲದಂಡೆಗೆ ಹಾರಿತ್ತು. ಅಲ್ಲಿ ತಾನೂ ಬಲಕ್ಕೆ ಹೊರಳಿದಳು. "ನೀರ ಮನಿ ಬದಲ ಮಾಡತೈತಿ. ಇದು ನೋಡ್ರಿ, ಇಲ್ಲಿ ದಾಟೇತಿ," ಎಂದು ಕೂತು ಚಿಪ್ಪಿನಿಂದ ತೋಡಿದಳು. ಮೊಣಕೈ ಆಳಕ್ಕೆ ಉಸುಕು ಕಪ್ಪಾಯಿತು, ಇನ್ನೊಂದು ಗೇಣಿಗೆ ತಳದಲ್ಲಿ ನೀರು ಜಿನುಗಿ ಚಿಪ್ಪಿನಷ್ಟು ನಿಂತಿತು.

"ಉಸುಕ ತೋಡಿದ್ರ ಎಲ್ಲಿ ಬೇಕಾದಲ್ಲಿ ನೀರ ಬರತೈತಿ," ಎಂದ ಭೀಮಗೊಂಡ.

"ಹಂಗಾದ್ರ ಆ ಬಾಜುಕ ತೋಡ್ರಿ ನೀವು."

ಅವನು ಬಾಗಲಿಲ್ಲ. ಪದ್ಮಾಕರನೇ ಎದುರು ದಂಡೆಯಡಿ ಎರಡು ಮೊಳ ತೋಡಿದ. ಉಸುಕು ಒಣಗಿಯೇ ಇತ್ತು. ಬೆವರು ಒರೆಸಿಕೊಂಡು ಎದ್ದ.

ಇನ್ನೊಂದು ಫರ್ಲಾಂಗಿನಲ್ಲಿ ಹಾಸುಗಲ್ಲೊಂದು ಪಾತ್ರಕ್ಕೆ ಅಡ್ಡ ಮಲಗಿದೆ. ಅದರ ಕೆಳಬದಿಯಲ್ಲಿ ನೀರು ಆಳಕ್ಕಿಳಿಯುತ್ತದೆ, ಮೇಲ್ಬದಿಯಲ್ಲಿ ಮೇಲಕ್ಕೇರಿ ನಿಲ್ಲುತ್ತದೆ ಎಂದು ಹೀರಾಬಾಯಿ ಮೊದಲೇ ಹೇಳಿ, ಎರಡೂ ಕಡೆ ತೋಡಿದಳು. ಹಾಗೇ ಇತ್ತು. ಪದ್ಮಾಕರ ಮೂರು ಕುಣಿಗಳ ನೀರಿಗೂ ಮಟ್ಟ ಹಿಡಿದು ನೋಡಿದ. ಮೇಲಿನಿಂದ ಕೆಳಕ್ಕೆ, ಒಂದಕ್ಕಿಂತ ಒಂದು ತಗ್ಗು. ಒರತೆಯ ಮಟ್ಟ ಎಲ್ಲಕ್ಕಿಂತ ತಗ್ಗು. ಅವನು ಒಂದು ಚೀಟಿಯಲ್ಲಿ ಬರೆದುಕೊಂಡ, ಭೀಮಗೊಂಡನಿಗೆ ತೋರಿಸಿದ. ಭೀಮಗೊಂಡ ಕನ್ನಡಕ ತಂದಿಲ್ಲವೆಂದ.

ಎಮ್ಮೆ ಮಡು ತಲುಪಿದಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಏಳೆಂಟು ಎಮ್ಮೆಗಳು ಮೂಗು ಮೇಲೆ ಮಾಡಿ ನೀರಲ್ಲಿ ಮಲಗಿದ್ದವು. ಗುರುಪುತ್ರಪ್ಪ ದಂಡೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಅವನ ಹೆಂಡತಿ ಬಸವಣ್ಣೆವ್ವ ಎಮ್ಮೆಯ ಬೆನ್ನು ತಿಕ್ಕುತ್ತಿದ್ದಳು.

"ಬರ್ರಿ ಗೌಡ್ರ, ಕುಂದರ್ರಿ," ಎಂದ ಗುರುಪುತ್ರಪ್ಪ. "ನಮ್ಮ ಎಮ್ಮಿ ನೋಡಾಕ ಪಾಟೀಲರು ಬಂದ್ರು ಅಂದ್ರ ಇವತ್ತ ಹಾಲ ಜಾಸ್ತಿ ಕೊಡತಾವು."

ಭೀಮಗೊಂಡ ಕೂಡಲಿಲ್ಲ. ಬೆತ್ತವನ್ನು ಮಡುವಿನ ಕಡೆಗೆ ಚಾಚಿ ಹೀರಾಬಾಯಿಯನ್ನು ನೋಡಿದ. "ಈ ನೀರೂ ನಮ್ಮ ಬಸದಿ ನೀರೂ ಒಂದಽ ಅಂತೀಯಲ್ಲಾ. ಹಂಗಾದ್ರ ಇಲ್ಲೇ ಕುಡಿ. ನಾನೂ ನೋಡತೀನಿ."

ಅವನು ಅದನ್ನು ಕಡೆಯ ಮಾತೆಂದು ಹೇಳಿದ್ದ. ಹೀರಾಬಾಯಿ ಹೆಗಲಿನ ಬಟ್ಟೆ ತೆಗೆದು ಮಡಿಕೆ ಮಾಡತೊಡಗಿದಳು.

"ತಡೀರಿ ಅಕ್ಕಾರ, ಎಮ್ಮಿ ಎಬ್ಬಸ್ತೀನಿ," ಎಂದು ಬಸವಣ್ಣೆವ್ವ ಗಾಬರಿಯಾದಳು.

"ಮಲಗಲಿ ಬಿಡ. ಅವನ್ನ ಎಬ್ಬಿಸದಽ ಇಪ್ಪತ್ತೆರಡು ವರ್ಷ ಕುಡದೀನಿ."

ಅವಳು ಸೀರೆ ಎತ್ತಿ ಕಟ್ಟಿ ಮಡುವಿನ ಅಂಚಿಗೆ ಇಳಿದಳು. ಚಿಪ್ಪಿನಿಂದ ಎತ್ತಿ ಎತ್ತಿ ಬಟ್ಟೆಯ ಮೇಲೆ ಹೊಯ್ದಳು. ನೀರು ಇಳಿಯಲು ಒರತೆಯಲ್ಲಿ ಎಷ್ಟು ಹೊತ್ತು ಕಾಯುತ್ತಿದ್ದಳೋ ಅದಕ್ಕಿಂತ ಹೆಚ್ಚೇ ಕಾದಳು. ಒಂದು ಎಮ್ಮೆ ಕಿವಿ ಬಡಿಯಿತು. ಬಿಂದಿಗೆಯ ನೀರು ಸ್ವಲ್ಪ ಹಳದಿಯಾಗಿತ್ತು. ಕಣ್ಣು ಮುಚ್ಚದೆ ಒಂದು ಬೊಗಸೆ ಕುಡಿದಳು. ಆಮೇಲೆ ಬಟ್ಟೆಯಲ್ಲಿ ಉಳಿದ ಜೀವವನ್ನು ತೊಳೆದು, ಮೊಣಕಾಲು ಮುಳುಗುವಷ್ಟು ಒಳಗೆ ಹೋಗಿ, ನೀರಿಗೆ ಕೈ ತಾಗಿಸಿ ಬಿಟ್ಟು ಬಂದಳು.

ದಂಡೆಗೆ ಬಂದು ಎಲ್ಲವನ್ನೂ ಹೇಳಿದಳು: ಹೂಳು ತೆಗೆಸಿದ ವರ್ಷ, ನಾಲ್ಕನೆಯ ದಿನ, ಎರಡು ಗೇಣು. "ಉಸುಕಿನಾಗ ನಾಕು ದಿನ ಸೋಸಿಕೊಂಡು ಬರತೈತ್ರಿ ಅದು. ನಮ್ಮ ಬಟ್ಟಿ ಅದರ ಮುಂದ ಏನೂ ಅಲ್ಲ. ಎಮ್ಮಿ ಮಿಂದದ್ದನ್ನ ಸೋಸತೈತಿ. ನೂರು ಮನಿ ಹೊಲಸ ಸೋಸಾಕ ಅದಕ್ಕೂ ಆಗೂದಿಲ್ಲ."

"ಅಂದ್ರ ಗೊತ್ತಿತ್ತು ನಿನಗ," ಎಂದ ಭೀಮಗೊಂಡ, ಬಹಳ ಮೆಲ್ಲಗೆ.

"ಗೊತ್ತಿತ್ತು."

ಅವನು ತಿರುಗಿ ನಡೆದುಬಿಟ್ಟ. ಪದ್ಮಾಕರ ಕಾಗದ ಹಿಡಿದು ಹತ್ತು ಹೆಜ್ಜೆ ಬೆನ್ನಿಗೆ ಹೋಗಿ ನಿಂತ.

ಸಂಜೆಯೊಳಗೆ ಓಣಿಗೆಲ್ಲ ಸುದ್ದಿ ಮುಟ್ಟಿತು. ಒರತೆಗೆ ಬಂದಿದ್ದ ಇಬ್ಬರು ಕೊಡವನ್ನು ಬರಿದು ಮಾಡಿ ಎದ್ದುಹೋದರು. ಒಬ್ಬಳು ಹೋಗುತ್ತಾ, "ಮೊದಲಽ ಹೇಳಿದ್ರ ಏನ ಹೋಗತಿತ್ತು ಹೀರಕ್ಕಾ?" ಎಂದಳು. ಹೀರಾಬಾಯಿಯ ಬಳಿ ಇದ್ದ ಉತ್ತರ ಗಂಡನ ಮೇಲೆ ತಪ್ಪು ಹೊರಿಸುವಂಥದು. ಅದು ಅವಳಿಗೆ ಬೇಡವಾಗಿತ್ತು.

ಮರುದಿನ ನಸುಕಿನಲ್ಲಿ ಎಚ್ಚರವಾದಾಗ ಅವಳಿಗೆ ನೆನಪಾದದ್ದು ಕುಣಿಗಳು. ತೋಡಿದ್ದನ್ನು ಮುಚ್ಚದೆ ಬಂದಿದ್ದಳು. ಇರುವೆ, ಓತಿ, ಯಾವುದಾದರೂ ಜೀವ ಬಿದ್ದರೆ ಏರಿ ಬರಲಾರದು. ಚಿಪ್ಪು ಹಿಡಿದು ಹೊರಟಳು. ಮೊದಲನೆಯದರಲ್ಲಿ ಒಂದು ಕರಿ ಹುಳ ಈಜುತ್ತಿತ್ತು. ಅದನ್ನು ಎತ್ತಿ ಬಿಟ್ಟು ಉಸುಕು ಎಳೆದಳು. ಹಾಸುಗಲ್ಲಿನ ಬಳಿ ಬಂದವಳು ನಿಂತುಬಿಟ್ಟಳು.

ಮೇಲಿನ ಕುಣಿಯ ಪಕ್ಕದಲ್ಲಿ ಭೀಮಗೊಂಡ ಮೆಟ್ಟು ಬಿಚ್ಚಿಟ್ಟು ಉಸುಕಿನಲ್ಲಿ ಕೂತಿದ್ದ. ರುಮಾಲು ಮೊಣಕಾಲ ಮೇಲೆ. ಬಲಗೈ ತೋಳಿನವರೆಗೆ ಕುಣಿಯೊಳಗೆ. ಅವಳನ್ನು ನೋಡಿ ಕೈ ತೆಗೆಯಲಿಲ್ಲ.

"ಲಕ್ಕಿ ಎಲಿ ಹಾಕಿದ್ದೆ," ಎಂದ. "ಮ್ಯಾಲಿನ ಅಂಚಿಗೆ ಹಾಕಿದ್ರ ಮೆಲ್ಲಕ ಕೆಳಗಿನ ಅಂಚಿಗೆ ಬಂದು ಕುಂದರತೈತಿ. ಮೂರು ಸಲ ಹಾಕಿದೆ."

ಹೀರಾಬಾಯಿ ಆಚೆ ಬದಿಗೆ ಕೂತಳು. ಬೆಳಕು ಏರುತ್ತಿತ್ತು. ರೈಲು ಹಳಿಯ ಕಡೆಯಿಂದ ಖಾನಾಪುರದ ಗಾಡಿಯ ಸದ್ದು ಬಂದು ಹೋಯಿತು.

"ನಮ್ಮಪ್ಪ ಇದ್ದಾಗ ಆ ಮಡುವಿನ ಹೂಳ ತಗಿಸಿದ್ದು. ಅವಗೂ ತಿಳದಿದ್ದಿಲ್ಲ ನೋಡು."

"ಹೂಳ ಎತ್ತಾಕ ನಾಕು ಆಳ ಕಳಿಸಿದವರು ಅವರಽ, ಗೌಡ್ರ. ಎರಡು ಸಲ ಬಂದು ಒರತಿ ಕಲ್ಲಿಗೆ ಗೇಣ ಹಾಕಿ ನೋಡಿ ಹೋದ್ರು. ನನ್ನ ಕಡೆ ನೋಡಿದ್ರು, ಏನೂ ಅನಲಿಲ್ಲ."

ಭೀಮಗೊಂಡ ಎಡಗೈಯಿಂದ ಇನ್ನೊಂದು ಎಲೆ ನೀರಿಗೆ ಬಿಟ್ಟ. "ನನಗ ಯಾಕ ಹೇಳಲಿಲ್ಲ ನೀನು?"

"ಹೇಳಿದ್ರ ನೀವು ಒರತಿ ಬಿಡಸ್ತಿದ್ರಿ. ಓಣಿ ಹೆಣ್ಣಮಕ್ಕಳು ಮೈಲ ದೂರದ ಬಾವಿಯಿಂದ ಕೊಡ ಹೊರತಿದ್ರು. ನಾನೂ ಹೊರತಿದ್ದೆ. ನನ್ನ ಸೊಂಟಕ್ಕ ಹೆದರಿ ಸುಮ್ಮನಿದ್ದೆ ಅಂತ ತಿಳಕೋರಿ."

ಅವನಿಗೆ ನಗು ಬಂತೋ ಏನೋ, ಮೀಸೆ ಅಲುಗಿತು. ಕೈ ಹೊರಗೆ ತೆಗೆದು ಪಂಚೆಗೆ ಒರೆಸಿಕೊಂಡ. ಇಬ್ಬರೂ ಸೇರಿ ಉಳಿದ ಕುಣಿಗಳನ್ನು ಮುಚ್ಚಿದರು. ಅವನು ಬೆತ್ತದಿಂದ, ಅವಳು ಚಿಪ್ಪಿನಿಂದ.

ಮಧ್ಯಾಹ್ನ ಭೀಮಗೊಂಡ ಕನ್ನಡಕ ಹಾಕಿಕೊಂಡು ಹೀರಾಬಾಯಿಯ ಪಡಸಾಲೆಗೆ ಬಂದ. ಪದ್ಮಾಕರ ಹೊಸ ಜಬಾನಿ ಬರೆದಿದ್ದ. ಭೀಮಗೊಂಡ ಅದನ್ನು ಎರಡು ಸಲ ಓದಿ, ಎಮ್ಮೆ ಎಂಬ ಶಬ್ದ ಇರಲೇಬೇಕೇ ಎಂದು ಕೇಳಿ, ಇರಲೇಬೇಕೆಂದಾಗ ಸಹಿ ಮಾಡಿದ. ಮೊದಲಿನಷ್ಟು ದೊಡ್ಡ ಸಹಿಯಲ್ಲ. ಎದ್ದು ನಿಂತು, "ಬಸದಿಗೆ ಇನ್ನ ಮ್ಯಾಲೆ ಬಾವಿ ನೀರು. ನಮ್ಮ ಮನಿಗೂ. ಅದರಾಗ ಮಾತಿಲ್ಲ," ಎಂದ.

"ನಿಮ್ಮ ಮನಿ, ನಿಮ್ಮ ಮಾತು," ಎಂದಳು ಹೀರಾಬಾಯಿ.

ಪದ್ಮಾಕರ ಮೂರು ಚುಕ್ಕೆಗಳನ್ನು ನೀಲಿ ಗೆರೆಯಿಂದ ಕೂಡಿಸಿದ. ಕಾಣದೆ ಹರಿಯುವಲ್ಲಿ ಗೆರೆಯನ್ನು ಬಿಟ್ಟು ಬಿಟ್ಟು ಎಳೆದ. ಹೆಸರು ಏನು ಬರೆಯಲೆಂದು ಕೇಳಿದ. ಒಂದು ಹೆಸರು ಬರೆದರೆ ಇನ್ನೆರಡು ಕೇರಿಗೆ ಸಿಟ್ಟು. "ಬರೇ ಹಳ್ಳ ಅಂತ ಬರಿ," ಎಂದಳು ಹೀರಾಬಾಯಿ. ನಕಾಶೆ ಆ ಸಂಜೆಯ ಗಾಡಿಗೆ ಹೋಯಿತು. ಹದಿನೈದು ದಿನಕ್ಕೆ ವಸಾಹತಿನ ಗಟಾರದ ಗುರುತುಕಲ್ಲುಗಳು ತೆಂಕಲ ತಗ್ಗಿನ ಕಡೆಗೆ ಸರಿದವು.

ಒರತೆ ಉಳಿಯಿತು. ಜನ ಉಳಿಯಲಿಲ್ಲ. ಓಣಿಯ ಮುಕ್ಕಾಲು ಮನೆಗಳು ಬಾವಿಗೆ ಹೋಗತೊಡಗಿದವು. ಹೀರಾಬಾಯಿಗೆ ಸರದಿಗಾಗಿ ಕಾಯುವುದು ತಪ್ಪಿತು. ಹಾಗೆಂದು ಖುಷಿಯೇನೂ ಇರಲಿಲ್ಲ. ಮೊದಲು ಕಲ್ಲಿನ ಮೇಲೆ ಕೂತರೆ ನಾಲ್ಕು ಮನೆಯ ಸುದ್ದಿ ಕಿವಿಗೆ ಬೀಳುತ್ತಿತ್ತು, ಈಗ ಹಕ್ಕಿಗಳ ಸದ್ದು ಮಾತ್ರ.

ಜ್ಯೇಷ್ಠದ ಒಂದು ಉರಿಬಿಸಿಲಿನ ಮಧ್ಯಾಹ್ನ ಭೀಮಗೊಂಡನ ಸೊಸೆ ಕಾಂತಾ ಸೆರಗು ಮುಖಕ್ಕೆಳೆದುಕೊಂಡು ಕೊಡದೊಂದಿಗೆ ಒರತೆಗೆ ಬಂದಳು. ಹೀರಾಬಾಯಿಯನ್ನು ಕಂಡು ಹಿಂದೆ ಸರಿದಳು, ಮತ್ತೆ ಮುಂದೆ ಬಂದಳು.

"ಬಾವಿಗೆ ಎರಡು ಖೇಪ ಹೋಗಿ ಬಂದೆ ಅಕ್ಕಾರ. ಮೂರನೇದಕ್ಕ ಕಾಲ ಏಳವಲ್ಲವು. ಮಾವಾರಿಗೆ ಹೇಳಬ್ಯಾಡ್ರಿ."

"ನಾ ಯಾಕ ಹೇಳಲಿ," ಎಂದು ಹೀರಾಬಾಯಿ ಕಲ್ಲಿನ ಮೇಲೆ ಪಕ್ಕಕ್ಕೆ ಸರಿದಳು. "ಅವರೂ ಹೇಳಬ್ಯಾಡ ಅಂದಾರ. ಮುಂಜಾನೆ ಬಾವಿ ನೀರ ಸಪ್ಪಗ ಹತ್ತತೈತಿ ಅಂತ ಬಂದು, ಒಂದ ತಂಬಿಗಿ ಸೋಸಿಸಿಕೊಂಡು ಕುಡದು ಹೋದ್ರು."

ಕಾಂತಾ ಸೆರಗು ಸರಿಸಿ ನಕ್ಕಳು. ಹೀರಾಬಾಯಿ ಬಟ್ಟೆಯ ಒಂದು ತುದಿಯನ್ನು ಅವಳ ಕೈಗೆ ಕೊಟ್ಟಳು. ಇಬ್ಬರೂ ಅದನ್ನು ಕೊಡದ ಬಾಯಿಗೆ ಹಾಸಿ, ನೀರು ಇಳಿಯುವುದನ್ನು ನೋಡುತ್ತಾ ಕೂತರು.